ನನ್ನ ಶಿಫಾರಸನ್ನು ನಾನೇ ಬರೆದದ್ದು

ಶಾಲೆಯ ಕೆಲಸ ಬಿಟ್ಟು ರಾಜಕೀಯ ಸಿದ್ಧಾಂತದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿದಾಗ ನನ್ನ ತಲೆ ಅರ್ಧ ನರೆತಿತ್ತು. ಅನ್ಯಾಯವೆಂದು ತಿಳಿದೂ ಜನರು ಆಜ್ಞೆಯನ್ನು ಏಕೆ ಪಾಲಿಸುತ್ತಾರೆ ಎಂಬುದು ನನ್ನ ವಿಷಯ. ಅದಕ್ಕೆ ಮಾರ್ಗದರ್ಶನ ಮಾಡಬಲ್ಲವರು ವಿಭಾಗದಲ್ಲಿ ಒಬ್ಬರೇ ಉಳಿದಿದ್ದರು. ಅವರ ಬಳಿ ಖಾಲಿಯಿದ್ದ ಸ್ಥಾನವೂ ಒಂದೇ. ನಿವೃತ್ತಿ ಹತ್ತಿರವಾಗಿದ್ದುದರಿಂದ ಅದಾದ ಮೇಲೆ ಅವರು ಇನ್ನಾರನ್ನೂ ತೆಗೆದುಕೊಳ್ಳುವವರಿರಲಿಲ್ಲ.

ಶಿಫಾರಸು ಪತ್ರಕ್ಕಾಗಿ, ಎಂ.ಎ.ಯಲ್ಲಿ ನನಗೆ ಪಾಠ ಹೇಳಿದ್ದ ಗುರುಗಳ ಯಾದವಗಿರಿಯ ಮನೆಗೆ ಹೋದೆ. ಪೊರೆ ಬಲಿತು ಅವರ ಕಣ್ಣಿಗೆ ಅಕ್ಷರಗಳು ಕಾಣುತ್ತಿರಲಿಲ್ಲ.

"ನೀವೇ ಬರ್ಕೊಂಡ್ ಬಂದ್ಬುಡಿ ಕಣ್ರೀ. ಎಲ್ರೂ ಅಂಗೇ ಮಾಡೋದು. ನಾನು ಸೈನ್ ಹಾಕ್ತೀನಿ" ಎಂದರು. ಹೊರಡುವಾಗ, "ಚೆನ್ನಾಗಿ ಹೊಗಳ್ಕೊಳ್ಳಿ, ಸಂಕೋಚ ಪಡ್ಬೇಡಿ" ಎಂದು ನಕ್ಕರು.

ಎಲ್ಲರೂ ಹಾಗೆಯೇ ಮಾಡುತ್ತಾರೆಂಬುದು ನಿಜ. ಅರ್ಜಿದಾರನೇ ತನ್ನನ್ನು 'ಅಸಾಧಾರಣ ಪ್ರತಿಭೆ' ಎಂದು ಬಣ್ಣಿಸಿಕೊಳ್ಳುತ್ತಾನೆ, ಗುರುಗಳು ಸಹಿ ಮಾಡುತ್ತಾರೆ, ಓದುವವರು ಅದರಲ್ಲಿ ಅರ್ಧವನ್ನು ಕಳೆದು ಓದಿಕೊಳ್ಳುತ್ತಾರೆ. ನನಗೆ ಅದು ಒಗ್ಗಲಿಲ್ಲ. ಆತ್ಮಪ್ರಶಂಸೆಯೂ ಪಾಪವೇ, ಅದನ್ನು ಚರ್ಚಿನ ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿಕೊಳ್ಳಬೇಕೆಂದು ಕಲಿಸಿದ ಮನೆ ನಮ್ಮದು. ಮೇಲಾಗಿ, ಶಾಲೆಯ ಪ್ರಗತಿಪತ್ರಗಳಲ್ಲಿ ನಾನು ಬರೆಯುತ್ತಿದ್ದ ಅತ್ಯುನ್ನತ ಪದ 'ತೃಪ್ತಿಕರ'. ಅದನ್ನು ಪಡೆದ ಮಕ್ಕಳು ಮನೆಯವರೆಗೂ ಓಡುತ್ತಿದ್ದರು. ಆದ್ದರಿಂದ 'ಅಭ್ಯರ್ಥಿಯ ಅಧ್ಯಯನ ತೃಪ್ತಿಕರ, ಬರವಣಿಗೆ ದೋಷರಹಿತ, ಸ್ವಂತ ಚಿಂತನೆ ಇನ್ನೂ ಬೆಳೆಯಬೇಕಾಗಿದೆ' ಎಂದು ಬರೆದೆ. ಒಂದು ಮಾತೂ ಸುಳ್ಳಲ್ಲ.

ಓದಿ ಹೇಳಲು ಹೊರಟರೆ ಗುರುಗಳು ತಡೆದರು. "ಬೇಡ ಬುಡಿ, ನಿಮ್ಮ ಮೇಲೆ ನಂಬ್ಕೆ ಇಲ್ವಾ ನಂಗೆ?" ಬೆರಳಿನಿಂದ ತಡವಿ, ಜಾಗ ಹುಡುಕಿ, ಸಹಿ ಹಾಕಿದರು.

ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷರು ಮೊದಲು ಎತ್ತಿಕೊಂಡದ್ದೇ ಆ ಪತ್ರವನ್ನು. "ಏನಮ್ಮಾ, ಸ್ವಂತ ಚಿಂತನೆ ಬೆಳೀಬೇಕು ಅಂತ ನಿಮ್ಮ ಮೇಷ್ಟ್ರೇ ಬರ್ದಿದ್ದಾರಲ್ಲ! ಈ ವಯಸ್ಸಲ್ಲಿ ಇನ್ನೆಷ್ಟ್ ಬೆಳೀತೀರಿ?"

ಪಕ್ಕದವರು ನಕ್ಕರು. ನನ್ನ ಮಾರ್ಗದರ್ಶಕರಾಗಬೇಕಿದ್ದವರು ನಗಲಿಲ್ಲ. "ಅವರು ಯಾರಿಗೂ ಹೀಗೆ ಬರ್ದವರಲ್ಲ. ಏನೋ ಕಾರಣ ಇರ್ಬೇಕು" ಎಂದು ನನ್ನ ಮುಖ ನೋಡಿದರು.

ನಾನೇ ಬರೆದೆನೆಂದರೆ, ಗುರುಗಳು ಓದದೆ ಸಹಿ ಹಾಕಿದರೆಂದು ದೂರಿದಂತೆ. ಆ ಕೋಣೆಯಲ್ಲಿ ಕುಳಿತಿದ್ದವರೆಲ್ಲರೂ ಅಂಥ ಪತ್ರಗಳಿಗೆ ಸಹಿ ಹಾಕಿದವರೇ ಇದ್ದಿರಬೇಕು. ಆದರೂ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

"ಅವರು ಬರೆದಿರೋದು ಸರಿಯಾಗೇ ಇದೆ, ಸರ್" ಎಂದೆ.

ಸ್ಥಾನ ಬೇರೊಬ್ಬರ ಪಾಲಾಯಿತು. ಯಾದವಗಿರಿಗೆ ಹೋಗಿ ತಿಳಿಸಿದಾಗ ಗುರುಗಳು ಒಳಗೆ ಕಾಫಿಗೆ ಹೇಳಿದರು. ಆಮೇಲೆ, "ನನ್ನ ಸೈನ್‌ಗೆ ಈಗ ಬೆಲೆ ಇಲ್ಲ ಕಣ್ರೀ. ನಿಮಗೆ ನನ್ನಿಂದ ಅನ್ಯಾಯ ಆಗೋಯ್ತು" ಎಂದರು.

ಹಾಗಲ್ಲವೆನ್ನಲು ಕಾರಣವನ್ನು ಹೇಳಬೇಕಾಗುತ್ತಿತ್ತು. ಕಾಫಿ ಕುಡಿದು ಎದ್ದುಬಂದೆ. ಮರುವರ್ಷ ಶಿಫಾರಸು ಕೇಳಿ ಬಂದವರನ್ನು ಅವರು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರೆಂದು ಕೇಳಿದೆ.