ಜಗಲಿ ಬಿಟ್ಟಿಳಿದ ಆಕಾಶದ ಕಲ್ಲು

ತೆಕ್ಕಲಕೋಟೆಯ ಹುಲಿಗೆಮ್ಮನ ಗದ್ದೆಗೆ ಆಕಾಶದಿಂದ ಕಲ್ಲು ಬಿದ್ದಿದೆಯೆಂದು ಫೋನ್ ಬಂತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನಾನು ಬಳ್ಳಾರಿಯಿಂದ ಬಸ್ ಹತ್ತಿದೆ. ಹೋಗುವಷ್ಟರಲ್ಲಿ ಕಲ್ಲು ಅರಿಶಿನ ಕುಂಕುಮ ಹಚ್ಚಿಕೊಂಡು ದೇವರ ಜಗಲಿಯ ಮೇಲೆ ಕೂತುಬಿಟ್ಟಿತ್ತು.

"ಒಂದು ಮೂಲಿ ಒಡದು ಒಳಗ ನೋಡಬೇಕಮ್ಮ," ಅಂದೆ.

"ದೇವ್ರನ್ನ ಒಡೀತಾರೇನ್ರಿ ಸರ? ಚಾ ಕುಡದು ಹೋಗ್ರಿ."

ಚಹಾ ಆರುವವರೆಗೂ ಪಾಠ ಮಾಡಿದೆ. "ಇದು ಮ್ಯಾಲಿದ್ದ ದೊಡ್ಡ ಕಲ್ಲಿಂದ ಒಡದು ಬಂದ ಚೂರಮ್ಮ. ಒಳಗ ಬೂಂದಿ ಉಂಡಿ ಹಂಗ ಕಾಳು ಕಾಳು ಇದ್ರ, ಆ ದೊಡ್ಡ ಕಲ್ಲು ಕಾಳು ಕೂಡಿ ಆಗಿದ್ದು, ಆಮ್ಯಾಲ ಯಾವತ್ತೂ ಕರಗಿಲ್ಲ ಅಂತ ಅರ್ಥ. ಕರಗಿದ್ರ ಕಾಳು ಉಳೀತಿರಲಿಲ್ಲ."

ಹುಲಿಗೆಮ್ಮ ಲೋಟ ಕೆಳಗಿಟ್ಟಳು. "ಒಡದು ಬಂದದ್ದಾ? ಭಿನ್ನ ಆದದ್ದಕ್ಕ ಪೂಜಿ ಮಾಡಬಾರ್ದ್ರಿ. ಮೊದ್ಲ ಹೇಳಬಾರ್ದೇನು?"

ಸೆರಗಿನಿಂದ ಕುಂಕುಮ ಒರೆಸಿ ಕಲ್ಲನ್ನು ನನ್ನ ಕೈಗಿಟ್ಟೇಬಿಟ್ಟಳು. ಅಂಗಳದಲ್ಲೇ ಸುತ್ತಿಗೆಯಿಂದ ಮೂಲೆ ತಟ್ಟಿದೆ. ಒಳಗೆ ಸಾಸಿವೆಯಷ್ಟು ಸಣ್ಣ ಕಾಳುಗಳು, ಭೂಮಿಗಿಂತ ಹಳೆಯವು! ಹಿಗ್ಗಿನಲ್ಲಿ ಇನ್ನೊಂದು ಲೋಟ ಚಹಾ ಕೇಳಿ ಕುಡಿದೆ.

ಹೊರಟಾಗ ಹುಲಿಗೆಮ್ಮ ಬಾಗಿಲತನಕ ಬಂದಳು. "ಈ ಚೂರು ನೀವ ಇಟ್ಕೊಳ್ರಿ ಸರ. ಆ ದೊಡ್ಡ ಕಲ್ಲು ಇಡಿಯಾಗಿ ಬಿದ್ರ ಮಾತ್ರ ನಮಗ ಬಿಡ್ರಿ."

ಅದು ಬಿದ್ದರೆ ತೆಕ್ಕಲಕೋಟೆಯ ಜೊತೆ ಬಳ್ಳಾರಿಯೂ ಉಳಿಯುವುದಿಲ್ಲ ಅನ್ನಲು ಮನಸ್ಸಾಗಲಿಲ್ಲ. "ಆತಮ್ಮ, ಅದು ನಿಮಗ," ಅಂದೆ.