ಎರಡನೇ ಮುಳುಗಿಗೇ ನನ್ನನ್ನು ಎತ್ತಿಬಿಟ್ಟರು

ಸ್ನೇಹಿತರೇ, ನಾನು ಬದುಕಿದ್ದೇನೆ. ವಿಡಿಯೋ ನೋಡಿ ಗಾಬರಿಯಾದವರಿಗೆಲ್ಲ ಒಟ್ಟಿಗೇ ಹೇಳುತ್ತಿದ್ದೇನೆ.

ಇಲ್ಲಿ ಪರದೇಶದಲ್ಲಿ, ನಮ್ಮ ಆಲ್ಡಿ ಸೂಪರ್‌ಮಾರ್ಕೆಟ್ ಹತ್ತಿರದ ಕೆರೆಯಲ್ಲಿ ಪ್ರತಿ ಚಳಿಗಾಲ ಜನ ಮೋಜಿಗೆಂದು ಐಸ್ ಒಡೆದು ನೀರಿಗಿಳಿಯುತ್ತಾರೆ. ನಾನು ಟವೆಲ್ ಕೊಡುವ ವಾಲಂಟಿಯರ್ ಆಗಿ ಹೋದವಳು. ಜೊತೆಯವರು ಬಿಡದೆ ನನ್ನನ್ನೂ ಎಳೆದುಕೊಂಡು ಹೋದರು. ನೀರು ಸೊಂಟಕ್ಕೆ ಬಂದ ಕೂಡಲೇ ಉಸಿರೇ ನಿಂತಂತಾಯಿತು. ಉಳಿದವರೆಲ್ಲ ಕಿರುಚುತ್ತಾ ವಾಪಸ್ ಓಡಿದರು. ಹಾಗೆ ಓಡುವುದೇ ಇಲ್ಲಿನ ಪದ್ಧತಿಯಂತೆ, ನನಗೆ ಯಾರೂ ಹೇಳಿರಲಿಲ್ಲ. ನಾನು ಶ್ರೀರಂಗಪಟ್ಟಣದಲ್ಲಿ ಅಮ್ಮ ಕಲಿಸಿದಂತೆ ಮೂಗು ಹಿಡಿದು, ಕಣ್ಣು ಮುಚ್ಚಿ ಮುಳುಗಿದೆ. ಎದ್ದೆ. ಮತ್ತೆ ಮುಳುಗಿದೆ.

ಅಷ್ಟರಲ್ಲಿ ಯಾರೋ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿದರು. ನೋಡಿದರೆ, ಕೆರೆಯ ಬಳಿ ಕಾವಲಿಗೆ ನಿಂತಿದ್ದ ಧಡೂತಿ ಫೈರ್‌ಫೈಟರ್!

"ಮ್ಯಾಮ್, ಐ ಗಾಟ್ ಯು!"

"ನೋ, ನೋ! ಒನ್ ಮೋರ್!" ಎಂದು ನಾನು ನೀರಿನ ಕಡೆಗೇ ಕೈ ಚಾಚಿದೆ.

ಅವನು ದಡಕ್ಕೆ ಕೂಗಿದ: "ಶಿ ಈಸ್ ಕನ್‌ಫ್ಯೂಸ್ಡ್! ಆಂಬುಲೆನ್ಸ್!"

ಬೆಳ್ಳಿ ಬಣ್ಣದ ಹಾಳೆಯಲ್ಲಿ ನನ್ನನ್ನು ಪಾರ್ಸೆಲ್ ಇಡ್ಲಿಯಂತೆ ಸುತ್ತಿ ಗಾಡಿಗೆ ಹಾಕಿದರು. ನನ್ನ ಗಂಡ ಬಂದು ಬಿಡಿಸುತ್ತಾನೆಂದು ನೋಡಿದರೆ, ಅವನು ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಿದ್ದ.

ಮೈಸೂರಿನಿಂದ ಅಮ್ಮನ ಫೋನ್ ಬಂತು. ಅಳುತ್ತಾಳೆ ಎಂದುಕೊಂಡೆ.

"ಎರಡೇ ಮುಳುಗಾ ಹಾಕಿದ್ದು?"

"ಅಮ್ಮಾ, ನಾನು ಆಂಬುಲೆನ್ಸಲ್ಲಿದೀನಿ!"

"ಇರ್ಲಿ ಬಿಡೇ. ಎರಡಕ್ಕೆ ನಿಲ್ಲಿಸ್ಬಾರ್ದು ಅಂತ ಎಷ್ಟ್ ಸಲ ಹೇಳಿಲ್ಲ? ಮನೆಗ್ ಹೋಗಿ ತಲೆ ಮೇಲೆ ಒಂದ್ ಚೊಂಬು ತಣ್ಣೀರು ಹುಯ್ಕೋ."

ಹುಯ್ದುಕೊಂಡೆ. ಅದಕ್ಕೂ ಮುಂಚೆ ಬಾತ್‌ರೂಮಿನ ಚಿಲಕ ಭದ್ರವಾಗಿ ಹಾಕಿಕೊಂಡೆ. ಈ ದೇಶದಲ್ಲಿ ಯಾರು ಯಾವಾಗ ಬಂದು ಕಾಪಾಡಿಬಿಡುತ್ತಾರೋ ಹೇಳಲಾಗದು.