ಸಿ ಶೆದ್ಲಿಯ ಗ್ಯಾರೇಜಿನಲ್ಲಿ ಯಾರೂ ಸಾಯುವುದಿಲ್ಲ

ಸಿ ಶೆದ್ಲಿ ಮ್ನೀಫರ ಕಾರು ಮೂವತ್ತೊಂದು ವರ್ಷಗಳಿಂದ ಬೀದಿಯಲ್ಲೇ ಮಲಗುತ್ತಿದೆ. ಅದರ ಗ್ಯಾರೇಜಿನಲ್ಲಿ ಮನೆಪಾಠದ ಮಕ್ಕಳು ಕೂತಿರುತ್ತಾರೆ. ಬಿಸಿಲಿಗೆ ಕಾರಿನ ಬಣ್ಣ ಹಾರಿಹೋಗಿ, ಅದು ಮೊದಲು ಹಸಿರಾಗಿತ್ತೋ ನೀಲಿಯಾಗಿತ್ತೋ ಎಂಬುದರಲ್ಲಿ ಗಂಡ ಹೆಂಡಿರ ನಡುವೆ ಇನ್ನೂ ಒಮ್ಮತವಿಲ್ಲ. ಸ್ಫಾಕ್ಸ್ ಪಟ್ಟಣದ ಗ್ರೆಮ್ದಾ ರಸ್ತೆ, ಆರನೇ ಕಿಲೋಮೀಟರಿನಲ್ಲಿ ಯಾರನ್ನು ಕೇಳಿದರೂ ಆ ಗ್ಯಾರೇಜನ್ನು ತೋರಿಸುತ್ತಾರೆ. ಸಿ ಶೆದ್ಲಿಯನ್ನೇ ತೋರಿಸಿ ಎಂದರೆ ಮಾತ್ರ ಸ್ವಲ್ಪ ಯೋಚಿಸುತ್ತಾರೆ.

ಹೆಸರಿನ ಮುಂದಿನ 'ಸಿ' ಊರವರು ಕೊಡುವ ಗೌರವ. ಅವರು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅರಬ್ಬಿ ಮೇಷ್ಟರಾಗಿದ್ದು ನಿವೃತ್ತರಾಗಿ ಎಂಟು ವರ್ಷವಾಯಿತು. ಆದರೆ ಆರನೇ ತರಗತಿಯ ಕೊನೆಗೆ, ಜೂನ್ ತಿಂಗಳಲ್ಲಿ, ಮಾದರಿ ಶಾಲೆಯ ಪ್ರವೇಶ ಪರೀಕ್ಷೆ ಎನ್ನುವುದು ಇರುವ ತನಕ ಅವರಿಗೆ ನಿವೃತ್ತಿ ಇಲ್ಲ. ಇಪ್ಪತ್ತಕ್ಕೆ ಸರಾಸರಿ ಹದಿನೈದಾದರೂ ಬಂದ ಮಗುವಿಗೆ ಮಾತ್ರ ಆ ಶಾಲೆಯ ಬಾಗಿಲು ತೆರೆಯುತ್ತದೆ. ಸ್ಫಾಕ್ಸಿನವರು ಎದುರಾದಾಗ ಆರೋಗ್ಯ ವಿಚಾರಿಸುವುದಕ್ಕೂ ಮೊದಲು ಮಗುವಿನ ಸರಾಸರಿ ವಿಚಾರಿಸುತ್ತಾರೆ. ಹದಿನೆಂಟು ಎಂದರೆ, "ಉಳಿದ ಎರಡು ಎಲ್ಲಿ ಹೋಯ್ತು?" ಎನ್ನುತ್ತಾರೆ.

ಸಿ ಶೆದ್ಲಿಯ ಅಂಗಡಿಯಲ್ಲಿ ಸರಕು ನಾಲ್ಕೇ ಪ್ರಬಂಧ: ಹಳ್ಳಿಗೆ ಪ್ರವಾಸ, ಕಾಯಿಲೆ ಬಿದ್ದ ನೆರೆಯವರು, ದಾರಿಯಲ್ಲಿ ಸಿಕ್ಕ ಹಣದ ಚೀಲ, ರಸ್ತೆ ಅಪಘಾತ. ಪ್ರಶ್ನೆ ಏನೇ ಬರಲಿ, ನಾಲ್ಕರಲ್ಲಿ ಒಂದನ್ನು ಹಿಡಿದು ಬಗ್ಗಿಸಿ ಕೂರಿಸಬಹುದು. ಒಂದು ವರ್ಷ ಸಮುದ್ರದ ಬಗ್ಗೆ ಬರೆಯಿರಿ ಎಂದು ಬಂದಾಗ ಗ್ಯಾರೇಜಿನ ಮಕ್ಕಳೆಲ್ಲ ಸಮುದ್ರದ ದಡದಲ್ಲಿ ಹಣದ ಚೀಲ ಕಂಡುಹಿಡಿದಿದ್ದರು. ನಾಲ್ಕು ಪ್ರಬಂಧದಲ್ಲೂ ಸೂರ್ಯ ಬಂಗಾರದ ದಾರದುಂಡೆ ಬಿಚ್ಚುತ್ತ ಏಳುತ್ತಾನೆ. ಮೋಡ ಕವಿದ ದಿನ ಅವರ ಗ್ಯಾರೇಜಿನಲ್ಲಿ ಇಲ್ಲ. ಊರಿನ ಇಬ್ಬರು ಹಲ್ಲಿನ ವೈದ್ಯರು, ಒಬ್ಬ ಎಣ್ಣೆ ಗಾಣದ ಮಾಲೀಕ, ಬ್ಯಾಂಕಿನ ಒಬ್ಬ ಅಧಿಕಾರಿ ಇಂದಿಗೂ ಬೀದಿಯಲ್ಲಿ ಸಿ ಶೆದ್ಲಿಯನ್ನು ಕಂಡರೆ ಕೈ ಕೊಡುವ ಬದಲು ಆ ಸೂರ್ಯನನ್ನು ಒಪ್ಪಿಸುತ್ತಾರೆ.

ಅಪಘಾತದ ಪ್ರಬಂಧ ಹೀಗಿದೆ. ಸೂರ್ಯ ಎದ್ದ. ಯುವಕನೊಬ್ಬ ಮೋಟಾರ್ ಸೈಕಲ್ ಏರಿ ಬಾಣದಂತೆ ಹೊರಟ. ಢಿಕ್ಕಿ. ಜನ ಇರುವೆಗಳಂತೆ ಮುತ್ತಿದರು. ಆಂಬುಲೆನ್ಸ್ ಮಿಂಚಿನಂತೆ ಬಂತು. ವೈದ್ಯರು ನಗುಮುಖದಿಂದ ಕೋಣೆಯಿಂದ ಹೊರಬಂದರು. ವಾರದ ನಂತರ ಯುವಕ ಹೂಗುಚ್ಛ ಹಿಡಿದು ಆಸ್ಪತ್ರೆಯಿಂದ ಮನೆಗೆ ನಡೆದ. ಕಡೆಗೆ ನೀತಿ: ಅವಸರದ ಕೊನೆ ಪಶ್ಚಾತ್ತಾಪ. ಇದನ್ನು ಪ್ರತಿ ವರ್ಷ ಫೆಬ್ರವರಿಯಲ್ಲಿ ಹೇಳಿಕೊಡುವುದು ವಾಡಿಕೆ.

ಆ ವರ್ಷದ ಫೆಬ್ರವರಿಯಲ್ಲಿ ಮಾತ್ರ ಸಿ ಶೆದ್ಲಿ ಹಳ್ಳಿಯ ಪ್ರವಾಸವನ್ನು ಎರಡನೇ ಸಲ ಮಾಡಿಸಿದರು. ಮಾರ್ಚಿನಲ್ಲಿ ಮೂರನೇ ಸಲ.

ಕಾರಣ ಎರಡನೇ ಸಾಲಿನಲ್ಲಿ ಕೂರುತ್ತಿದ್ದ ರಿತಾಜ್. ನವೆಂಬರಿನಲ್ಲಿ ಅವಳ ಅಪ್ಪ ನಬೀಲ್, ಪೀಠೋಪಕರಣದ ಬಡಗಿ, ಏಳನೇ ಕಿಲೋಮೀಟರಿನ ತಿರುವಿನಲ್ಲಿ ಮೊಪೆಡ್ಡಿನಿಂದ ಬಿದ್ದು ತೀರಿಹೋಗಿದ್ದ. ಅವಳ ತಾಯಿ ಸಲ್ವಾ ಮನೆಯಲ್ಲೇ ಕೂತು ಚಪ್ಪಲಿ ಕಾರ್ಖಾನೆಗೆ ಮೇಲ್ಭಾಗದ ಚರ್ಮ ಹೊಲಿಯುವವಳು. ಮಗಳು ಮಾದರಿ ಶಾಲೆ ಸೇರಬೇಕೆಂಬುದು ನಬೀಲನ ಹಟ. ಈಗ ಅದು ಸಲ್ವಾಳ ಪಾಲಿಗೆ ಗಂಡ ಬಿಟ್ಟುಹೋದ ಮಾತಾಗಿತ್ತು. ಹುಡುಗಿ ಲೆಕ್ಕದಲ್ಲಿ ಗಟ್ಟಿ, ಫ್ರೆಂಚಿನಲ್ಲಿ ಹನ್ನೆರಡು ದಾಟುತ್ತಿರಲಿಲ್ಲ. ಅರಬ್ಬಿಯಲ್ಲಿ ಹದಿನೇಳು ಬಂದರೆ ಮಾತ್ರ ಹದಿನೈದರ ಗೆರೆ ಮುಟ್ಟೀತು.

ಸಾವಿನ ಮನೆಗೆ ಹೋದ ದಿನ ಸಿ ಶೆದ್ಲಿ ಸಲ್ವಾಳ ಎದುರು ನಿಂತು ಏನು ಹೇಳುವುದೆಂದು ತಿಳಿಯದೆ ಬಾಯಿ ತೆರೆದಿದ್ದರು. ನಾಲಗೆಯ ತುದಿಗೆ ಬಂದು ನಿಂತದ್ದು 'ಅವಸರದ ಕೊನೆ ಪಶ್ಚಾತ್ತಾಪ.' ದೇವರು ದೊಡ್ಡವನು, ಅಷ್ಟರಲ್ಲಿ ಕೆಮ್ಮು ಬಂತು. ಅವತ್ತಿನಿಂದ ಆ ಪ್ರಬಂಧದ ಹಾಳೆ ಕೈಗೆತ್ತಿಕೊಂಡಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು.

ಏಪ್ರಿಲ್ ಮೊದಲ ವಾರ ಔಷಧಿ ಅಂಗಡಿಯ ಮದಾಮ್ ಒಲ್ಫಾ ಮಗನನ್ನು ಕರೆದೊಯ್ಯಲು ಬಂದವಳು ಗ್ಯಾರೇಜಿನ ಬಾಗಿಲಲ್ಲೇ ನಿಂತಳು.

"ಸಿ ಶೆದ್ಲಿ, ನನ್ನ ಮಗ ಮೂರು ಸಲ ಹಳ್ಳಿಗೆ ಹೋಗಿಬಂದ. ಅಪಘಾತ ಯಾವಾಗ ಮಾಡಿಸ್ತೀರಿ?"

"ಮಾಡಿಸೋಣ, ಮದಾಮ್. ದೇವರ ದಯೆ ಇದ್ರೆ."

"ನಾಲ್ಕು ವರ್ಷದ ಹಿಂದೆ ಪರೀಕ್ಷೆಯಲ್ಲಿ ಬಂದಿತ್ತು. ಈ ಸಲ ಮತ್ತೆ ಬರತ್ತೆ ಅಂತ ಎಲ್ಲರೂ ಹೇಳ್ತಿದಾರೆ. ನೀವು ದೇವರ ಮೇಲೆ ಹಾಕ್ತೀರಿ, ಬರೆಯೋರು ಮಕ್ಕಳು." ಆಮೇಲೆ ದನಿ ತಗ್ಗಿಸಿ, "ನನಗೂ ಗೊತ್ತು ಯಾಕೆ ಅಂತ. ಸಂಕಟ ಆಗತ್ತೆ. ಆದ್ರೆ ಒಂದು ಮಗುವಿಗೋಸ್ಕರ ಮೂವತ್ತು ಮಕ್ಕಳು ಅಂಕ ಕಳ್ಕೋಬೇಕಾ, ನೀವೇ ಹೇಳಿ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ಸಿ ಶೆದ್ಲಿ ರಾತ್ರಿ ಊಟದವರೆಗೂ ಪ್ರಯತ್ನಿಸಿ ಸೋತರು. ಕಡೆಗೆ ಒಂದು ಉಪಾಯ ಹೂಡಿದರು. ಮಾರನೆಯ ಪಾಠದ ದಿನ, "ರಿತಾಜ್, ಒಳಗೆ ಲಲ್ಲಾ ವಸೀಲಾಗೆ ಬಾದಾಮಿ ಸಿಪ್ಪೆ ತೆಗೆಯೋಕೆ ಸ್ವಲ್ಪ ಸಹಾಯ ಬೇಕಂತೆ, ಹೋಗು ಮಗಳೇ," ಎಂದು ಕಳಿಸಿ, ಗಂಟೆಯೊಳಗೆ ಅಪಘಾತವನ್ನು ಸೂರ್ಯನಿಂದ ನೀತಿಯವರೆಗೆ ಓಡಿಸಿ ಮುಗಿಸಿದರು. ಈ ಪಾಠವನ್ನು ಅವರು ಇಷ್ಟು ಅವಸರದಲ್ಲಿ ಎಂದೂ ಮಾಡಿರಲಿಲ್ಲ.

ಒಳಗೆ ಮೇಷ್ಟರ ಹೆಂಡತಿ ಲಲ್ಲಾ ವಸೀಲಾ ಬಾದಾಮಿಯ ಬಟ್ಟಲನ್ನು ಹುಡುಗಿಯ ಮುಂದೆ ದೂಡಿದರು. ಬಾದಾಮಿಯ ಸಿಪ್ಪೆ ಆಗಲೇ ತೆಗೆದಾಗಿತ್ತು.

"ಖಾಲ್ತೀ, ಚಿಕ್ಕಮ್ಮಾ," ಎಂದಳು ರಿತಾಜ್, "ಅಪಘಾತ ಮಾಡಿಸ್ತಿದಾರಾ?"

"ಹೂಂ ಕಣೇ."

"ನನಗೆ ಗೊತ್ತಿತ್ತು. ಹೊರಗಿಂದ 'ಮಿಂಚಿನಂತೆ' ಕೇಳಿಸ್ತು."

ಮೂರು ದಿನದ ಮೇಲೆ ಮಕ್ಕಳು ಪ್ರಬಂಧ ಬರೆದು ತಂದುಕೊಟ್ಟಾಗ ಮೂವತ್ತೊಂದು ಹಾಳೆ ಇತ್ತು. ರಿತಾಜ್ ತಾನೂ ಬರೆದಿದ್ದಳು. ಸಿ ಶೆದ್ಲಿ ಮೂವತ್ತನ್ನು ತಿದ್ದಿ, ಅವಳದನ್ನು ಕೊನೆಗೆ ತೆಗೆದರು. ಸೂರ್ಯ ಇರಲಿಲ್ಲ.

"ಅವತ್ತು ಮಳೆ ಬರುತ್ತಿತ್ತು. ಅಪ್ಪ ಅವಸರ ಮಾಡಲಿಲ್ಲ, ಅವರು ಯಾವತ್ತೂ ನಿಧಾನ. ನಾನು ಅಲ್ಲಿರಲಿಲ್ಲ, ಹಣ್ಣಿನ ಅಂಗಡಿಯವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಒಂದು ಲಾರಿ ತಿರುಗಿತು. ಹಣ್ಣಿನವರು ತಮ್ಮ ಕೋಟು ಬಿಚ್ಚಿ ಅಪ್ಪನ ತಲೆಯ ಕೆಳಗೆ ಇಟ್ಟರು. ಆಂಬುಲೆನ್ಸ್ ಬರುವ ಹೊತ್ತಿಗೆ ಆ ಕೋಟನ್ನು ತೆಗೆದು ಮುಖದ ಮೇಲೆ ಹಾಕಿದ್ದರು. ವೈದ್ಯರು ಹೊರಗೆ ಬರಲೇ ಇಲ್ಲ, ನರ್ಸ್ ಬಂದರು. ಅಮ್ಮ ಆ ಕೋಟನ್ನು ಒಗೆದು ಹಿಂದಕ್ಕೆ ಕೊಟ್ಟಳು."

ಅಷ್ಟೇ. ನೀತಿ ಇಲ್ಲ.

ಸಿ ಶೆದ್ಲಿ ಕೆಂಪು ಪೆನ್ನು ಹಿಡಿದು ಕೂತರು. ಅವರ ಅಂಕದ ಪಟ್ಟಿಯಲ್ಲಿ ಪೀಠಿಕೆಗೆ ಇಷ್ಟು, ಉಪಮೆಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು ಎಂದಿದೆ. ಪೀಠಿಕೆ ಇಲ್ಲ, ಒಂದು ಉಪಮೆಯಿಲ್ಲ, ಮುಕ್ತಾಯವಿಲ್ಲ. ತಮ್ಮ ಜನ್ಮದಲ್ಲಿ ಇಂಥ ಎಂಟು ವಾಕ್ಯ ಸಾಲಾಗಿ ತಾವು ಬರೆದಿದ್ದುಂಟೇ ಎಂದು ಕೇಳಿಕೊಂಡರು. ಇರಲಿಲ್ಲ. ಅವರು ಬರೆದದ್ದೆಲ್ಲ ಸೂರ್ಯನಿಂದಲೇ ಶುರುವಾಗಿತ್ತು, ಮದುವೆಗೆ ಮುಂಚೆ ವಸೀಲಾಗೆ ಬರೆದ ಕಾಗದ ಕೂಡ.

ಹಾಳೆಯನ್ನು ಹೆಂಡತಿಗೆ ಕೊಟ್ಟರು. ಆಕೆ ಓದಿ, ಮಡಿಸಿ, ಕೆಳಗಿಟ್ಟರು.

"ಎಷ್ಟು ಹಾಕ್ತೀಯ?"

"ಗೊತ್ತಾಗ್ತಿಲ್ಲ."

"ಮೂವತ್ತೊಂದು ವರ್ಷದಲ್ಲಿ ನಿನ್ನ ಗ್ಯಾರೇಜಿನಲ್ಲಿ ಒಬ್ಬನಾದ್ರೂ ಸತ್ತಿದಾನಾ, ಶೆದ್ಲಿ?"

"ಇಲ್ಲ."

"ಊರ ಆಸ್ಪತ್ರೆಯವರು ಬಂದು ನಿನ್ನ ಹತ್ರ ಪಾಠ ಹೇಳಿಸ್ಕೋಬೇಕು." ಆಕೆಯ ದನಿಯಲ್ಲಿ ನಗೆ ಇರಲಿಲ್ಲ. "ಆ ಮಗುವಿಗೆ ಸುಳ್ಳು ಅಂಕ ಹಾಕ್ಬೇಡ. ಅವಳಿಗೆ ಗೊತ್ತಾಗತ್ತೆ."

ಮರುದಿನ ಹಾಳೆಗಳನ್ನು ಹಂಚಿದಾಗ ರಿತಾಜ್ ತನ್ನದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಉಳಿದವರು ಹೋಗುವ ತನಕ ಕಾದು ಮೇಜಿನ ಬಳಿ ಬಂದಳು.

"ಸೀದಿ, ಅಂಕ ಹಾಕಿಲ್ಲ."

"ಇದಕ್ಕೆ ಅಂಕ ಹಾಕೋ ಯೋಗ್ಯತೆ ನನಗಿಲ್ಲ, ಮಗಳೇ."

"ಪರೀಕ್ಷೆಯಲ್ಲಿ ಹಾಕೋರಿಗೆ ಇರತ್ತಲ್ಲ. ಅವರು ಎಷ್ಟು ಹಾಕ್ತಾರೆ?"

ಸಿ ಶೆದ್ಲಿ ಹನ್ನೊಂದು ವರ್ಷ ಆ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಿದವರು. ಜೂನ್ ತಿಂಗಳ ಸೆಕೆ, ಒಬ್ಬೊಬ್ಬರ ಮುಂದೆ ಮುನ್ನೂರು ಪತ್ರಿಕೆಯ ಕಟ್ಟು, ಹೆಸರಿಲ್ಲದ ಮಕ್ಕಳು, ಪಕ್ಕದಲ್ಲಿ ಅಂಕದ ಪಟ್ಟಿ. ಹುಡುಗಿಯ ಮುಖ ನೋಡದೆ, "ಒಂಬತ್ತು," ಎಂದರು. "ನಾನೇ ಕೂತಿದ್ರೂ ಒಂಬತ್ತು. ಬಹುಶಃ ನಾನೇ ಯಾರಿಗೋ ಹಾಕಿದೀನಿ."

"ಒಂಬತ್ತೇನಾ?"

"ಒಂಬತ್ತು."

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಫ್ರೆಂಚಿನ ಹನ್ನೆರಡು, ಇದರ ಒಂಬತ್ತು. ಬೆರಳು ಮುಗಿಯುವ ಮೊದಲೇ ಲೆಕ್ಕ ಮುಗಿಯಿತು.

"ಹಾಗಾದ್ರೆ ಅಪ್ಪ ಬದುಕಬೇಕು," ಎಂದಳು.

"ಪರೀಕ್ಷೆಯಲ್ಲಿ, ಹೌದು."

"ಸರಿ. ಹೇಳ್ಕೊಡಿ. ಅವತ್ತು ನೀವು ನನ್ನ ಹೊರಗೆ ಕಳಿಸಿದ್ರಿ."

ಅವಳೊಬ್ಬಳಿಗೇ ಸಿ ಶೆದ್ಲಿ ಆ ಪ್ರಬಂಧವನ್ನು ಮೊದಲಿನಿಂದ ಹೇಳಿಕೊಟ್ಟರು. ಸೂರ್ಯ, ಬಾಣ, ಇರುವೆ, ಮಿಂಚು. ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಂಡಳು. 'ವೈದ್ಯರು ನಗುಮುಖದಿಂದ' ಎನ್ನುವಲ್ಲಿ ಕೆಮ್ಮಿದ್ದು ಮೇಷ್ಟರು.

ಜೂನ್ ತಿಂಗಳ ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗೆ ತಾಯಂದಿರು ನೀರಿನ ಸೀಸೆ, ಖರ್ಜೂರ, ಬಾಯಲ್ಲಿ ಪ್ರಾರ್ಥನೆ ಹಿಡಿದು ನಿಂತಿದ್ದರು. ಸಿ ಶೆದ್ಲಿ ಸಲ್ವಾಳ ಪಕ್ಕ ನಿಂತರು. ಆಕೆಗೆ ಅವರು ಹುಡುಗಿಯ ಪ್ರಬಂಧದ ವಿಷಯ ಏನನ್ನೂ ಹೇಳಿರಲಿಲ್ಲ. ಮಗಳು ಹೇಳಿದ್ದಾಳೋ ಇಲ್ಲವೋ ಕೇಳುವ ಧೈರ್ಯವೂ ಇರಲಿಲ್ಲ. ಅರಬ್ಬಿ ಪತ್ರಿಕೆ ಮುಗಿದು ಮೊದಲು ಓಡಿಬಂದ ಹುಡುಗ, "ಅಪಘಾತ! ಅಪಘಾತ ಬಂತು!" ಎಂದು ಕೂಗಿದ. ಮದಾಮ್ ಒಲ್ಫಾ ಕೈ ಮೇಲೆತ್ತಿ ದೇವರಿಗೆ ವಂದಿಸಿದಳು. ಆಮೇಲೆ ಸಲ್ವಾಳ ಮುಖ ಕಂಡು ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ನೀರಿನ ಸೀಸೆಯನ್ನು ಅವಳ ಕೈಗೆ ಕೊಟ್ಟಳು.

ರಿತಾಜ್ ಎಲ್ಲರಿಗಿಂತ ಕೊನೆಗೆ ಬಂದಳು.

"ಬರೆದ್ಯಾ, ಕಂದಾ?" ಎಂದಳು ತಾಯಿ.

"ಬರೆದೆ."

ಏನು ಬರೆದೆ ಎಂದು ಯಾರೂ ಕೇಳಲಿಲ್ಲ. ಮೂರು ವಾರ ಸಿ ಶೆದ್ಲಿಗೆ ಊಟ ಸೇರಲಿಲ್ಲ. ಅವಳು ಮಳೆಯನ್ನು ಬರೆದಿದ್ದರೆ ಶಾಲೆ ಹೋಯಿತು. ಸೂರ್ಯನನ್ನು ಬರೆದಿದ್ದರೆ, ಹಾಗೆ ಬರೆಯಿಸಿದ ಪಾಪ ತಮ್ಮದು. ಎರಡರಲ್ಲಿ ಯಾವುದಾಗಿರಲಿ ಎಂದು ದೇವರಲ್ಲಿ ಬೇಡುವುದೆಂದು ತೀರ್ಮಾನವಾಗದೆ, ಮಸೀದಿಯಲ್ಲಿ ಸುಮ್ಮನೆ ಹುಡುಗಿಯ ಹೆಸರನ್ನಷ್ಟೇ ಹೇಳಿ ಬರುತ್ತಿದ್ದರು.

ಜುಲೈನಲ್ಲಿ ಫಲಿತಾಂಶ ಸಲ್ವಾಳ ಮೊಬೈಲಿಗೆ ಬಂತು. ಅರಬ್ಬಿ ಹದಿನೇಳೂವರೆ. ಸರಾಸರಿ ಹದಿನೈದು ದಾಟಿ ಕೂದಲೆಳೆಯಷ್ಟು ಮೇಲೆ. ಸೀಟು ಸಿಕ್ಕಿತು.

ಸಂಜೆ ತಾಯಿ ಮಗಳು ಮೇಷ್ಟರ ಮನೆಗೆ ಬಂದರು. ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ತಬ್ಬಿಕೊಂಡು ಅಳುತ್ತಿದ್ದಾಗ ರಿತಾಜ್ ಖಾಲಿ ಗ್ಯಾರೇಜಿಗೆ ಬಂದು ತನ್ನ ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಳು. ಸಿ ಶೆದ್ಲಿ ತಡೆಯಲಾರದೆ ಕೇಳಿಯೇಬಿಟ್ಟರು.

"ನಾನು ಹೇಳ್ಕೊಟ್ಟದ್ದೇ ಬರೆದ್ಯಾ?"

"ಹೂಂ ಸೀದಿ, ಎಲ್ಲಾ. ಬೇಗ ಮುಗೀತು, ಇನ್ನೂ ಅರ್ಧ ಗಂಟೆ ಇತ್ತು."

"ಆಮೇಲೆ?"

"ಆಮೇಲೂ ಬರೆದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನದು. ಅವರು ಕೈ ತೊಳೆದದ್ದು, ಊಟಕ್ಕೆ ಕೂತದ್ದು, ಮೀನು ಉಪ್ಪಾಗಿದೆ ಅಂದದ್ದು, ನನ್ನ ಲೆಕ್ಕ ನೋಡಿದ್ದು." ಅವಳು ಕುರ್ಚಿಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಗಂಟೆ ಹೊಡೆದು ಕಾಗದ ಕಿತ್ಕೊಳ್ಳೋವರೆಗೂ ಬರೀತಾನೇ ಇದ್ದೆ. ನಿಲ್ಲಿಸಿದ್ರೆ ಮುಗಿದುಹೋಗತ್ತೆ ಅಂತ."

ಸಿ ಶೆದ್ಲಿಯ ನಾಲ್ಕು ಪ್ರಬಂಧದಲ್ಲಿ ಯಾವುದರಲ್ಲೂ ಅದಕ್ಕೆ ಬೇಕಾದ ವಾಕ್ಯ ಇರಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಅಡುಗೆಮನೆಯಿಂದ ಕರೆ ಬರುವ ತನಕ ಇಬ್ಬರೂ ಕಪ್ಪು ಹಲಗೆಯನ್ನೇ ನೋಡುತ್ತಿದ್ದರು. ಅದರ ಮೇಲೆ ಏನೂ ಬರೆದಿರಲಿಲ್ಲ.

ಮುಂದಿನ ಫೆಬ್ರವರಿಗೆ ಹೊಸ ಮಕ್ಕಳು. ಸಿ ಶೆದ್ಲಿ ಅಪಘಾತವನ್ನು ಶುರುಮಾಡಿ, ಢಿಕ್ಕಿಯವರೆಗೆ ಹೇಳಿ ನಿಲ್ಲಿಸಿದರು. "ಮುಂದೆ ಏನಾಯ್ತು ಅನ್ನೋದನ್ನ ನೀವೇ ಬರೀರಿ. ಅವನು ಬದುಕಬಹುದು, ಬದುಕದೇ ಇರಬಹುದು," ಎಂದರು. ಗ್ಯಾರೇಜು ಗಾಬರಿಯಾಯಿತು. ಇಂಥ ಮಾತನ್ನು ಆ ಮಕ್ಕಳ ಅಣ್ಣಂದಿರು, ಅಪ್ಪಂದಿರು ಯಾರೂ ಅಲ್ಲಿ ಕೇಳಿದವರಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸೀದಿ, ಬದುಕಿದ್ರೆ ಎಷ್ಟು ಅಂಕ, ಸತ್ರೆ ಎಷ್ಟು ಅಂಕ?"

ಯಾರೂ ನಗಲಿಲ್ಲ. ಮೂವತ್ತು ಪೆನ್ನು ಕಾಯುತ್ತಿದ್ದವು. ಸಿ ಶೆದ್ಲಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

"ಬದುಕಿದ್ರೆ ಜಾಸ್ತಿ," ಎಂದರು.

ಮಕ್ಕಳು ಅದನ್ನೂ ಬರೆದುಕೊಂಡರು.